ಲಾವಣಿ ಹೊಲದ ಒಡ್ಡು ಯಾರದು?

ಪ್ರತಿ ಯುಗಾದಿಗೆ ಪುಣೆಯಿಂದ ಹಾವೇರಿ ಜಿಲ್ಲೆಯ ನಮ್ಮೂರಿಗೆ ಹೋಗಿ ಲಾವಣಿ ರೊಕ್ಕ ಎಣಿಸಿಕೊಂಡು ಬರುತ್ತೇನೆ. ಮಳೆಗಾಲದಲ್ಲಿ ಹೊಲ ನೋಡಿ ಹನ್ನೆರಡು ವರ್ಷವಾಗಿತ್ತು. ಈ ಸಲ ಜುಲೈನಲ್ಲಿ ಹೋದೆ. ನಾಲ್ಕು ಎಕರೆ ಎರಿ ಹೊಲದ ಕೆಳತುದಿಯಲ್ಲಿ ಮೊಣಕಾಲುದ್ದದ ಕೊರಕಲು. ಅಪ್ಪ ಹಾಕಿಸಿದ್ದ ಒಡ್ಡು ಒಡೆದು, ಗೋವಿನಜೋಳದ ಸಸಿಗಳ ಸಮೇತ ಮಣ್ಣು ಹಳ್ಳ ಸೇರಿತ್ತು.

ಹೊಲ ಮಾಡುವವನ ಮೇಲೆ ರೇಗಿದೆ. "ಅಣ್ಣಾ, ಮುಂದಿನ ವರ್ಷ ಈ ಹೊಲ ನನ್ನ ಕೈಯಾಗ ಇರ್ತೈತೋ ಇಲ್ಲೋ. ಒಡ್ಡಿಗೆ ನಾ ಯಾಕ ರೊಕ್ಕ ಹಾಕ್ಲಿ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ.

ಎರಿ ಮಣ್ಣು ವಿಚಿತ್ರ. ಬೇಸಿಗೆಯ ಬಿರುಕುಗಳು ಮೊದಲ ಮಳೆಯನ್ನು ಗಟಗಟ ಕುಡಿಯುತ್ತವೆ. ನೆನೆದ ಮಣ್ಣು ಉಬ್ಬಿ ಬಿರುಕು ಮುಚ್ಚಿತೆಂದರೆ ನೀರು ಇಂಗುವುದು ತೀರ ನಿಧಾನ. ಆಗ 25 ಮಿ.ಮೀ. ಮಳೆ ಸುರಿದರೆ ಒಂದು ಎಕರೆಗೆ ಸುಮಾರು 1 ಲಕ್ಷ ಲೀಟರ್ ನೀರು. ಇಳಿಜಾರಿಗೆ ಅಡ್ಡಲಾಗಿ ಉತ್ತಿದ್ದರೆ ಒಂದೊಂದು ಸಾಲೂ ಪುಟ್ಟ ಒಡ್ಡು. ಆದರೆ ಟ್ರ್ಯಾಕ್ಟರ್‌ನವರದು ಗಂಟೆ ಲೆಕ್ಕ. ಹೊಲದ ಉದ್ದಕ್ಕೆ ಹೊಡೆದರೆ ತಿರುವು ಕಡಿಮೆ. ನಮ್ಮ ಹೊಲದ ಉದ್ದವೇ ಇಳಿಜಾರು. ಹಾಗಾಗಿ ಒಂದೊಂದು ಸಾಲೂ ಕಾಲುವೆ. ಎಕರೆಯ ಮೇಲ್ಮಣ್ಣು ಒಂದೇ ಮಿ.ಮೀ. ಕೊಚ್ಚಿಹೋದರೂ ಸುಮಾರು 5 ಟನ್. ಕಣ್ಣಿಗೆ ಕಾಣುವುದೂ ಇಲ್ಲ.

ಅದು ಎಲ್ಲಿಗೆ ಹೋಗುತ್ತದೆ? ನಮ್ಮ ಹಳ್ಳದ ನೀರು ಕೊನೆಗೆ ಸೇರುವುದು ತುಂಗಭದ್ರೆಗೆ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಆ ಹೂಳಿನಲ್ಲಿ ನಮ್ಮ ಪಾಲೂ ಇದೆ.

ಹೊರಗಿರುವ ನಾವು ಲಾವಣಿಯನ್ನು ಬಾಯಿಮಾತಲ್ಲಿ, ಒಂದೇ ವರ್ಷಕ್ಕೆ ಕೊಡುವುದೇಕೆಂದು ಎಲ್ಲರಿಗೂ ಗೊತ್ತು. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಕೃಷಿ ಜಮೀನು ಗೇಣಿಗೆ ಕೊಡಲು ಕಾನೂನಿನ ಅಡ್ಡಿ ಇದೆ. ಉತಾರದಲ್ಲಿ ಇನ್ನೊಬ್ಬನ ಹೆಸರು ಸೇರೀತೆಂಬ ಅಂಜಿಕೆ ಬೇರೆ. ಉಳುವವನಿಗೆ ಭೂಮಿ ಕೊಟ್ಟ ಕಾನೂನು ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ಮಾಲೀಕತ್ವಕ್ಕೆ ಧಕ್ಕೆಯಿಲ್ಲದೆ ಐದು ವರ್ಷದ ಬರಹದ ಕರಾರಿಗೆ ಸರ್ಕಾರ ದಾರಿ ಮಾಡಬೇಕು. ಐದು ವರ್ಷ ಹೊಲ ತನ್ನದೆಂದು ಗೊತ್ತಿದ್ದವನು ಒಡ್ಡು ಒಡೆಯಲು ಬಿಡುವುದಿಲ್ಲ.

ಕಾನೂನು ಬರುವ ತನಕ ಒಡ್ಡು ಮಾಲೀಕನದೇ. ಬೇಸಿಗೆಯಲ್ಲಿ ಜೆಸಿಬಿ ಕರೆಸಲು ಒಂದು ವರ್ಷದ ಲಾವಣಿ ತೆಗೆದಿಟ್ಟಿದ್ದೇನೆ. ಅಡ್ಡ ಉಳುಮೆಗೆ ತಗಲುವ ಹೆಚ್ಚಿನ ಟ್ರ್ಯಾಕ್ಟರ್ ಬಾಡಿಗೆಯೂ ನನ್ನದೇ ಎಂದು ಅವನಿಗೆ ಫೋನಿನಲ್ಲಿ ಹೇಳಿದೆ. "ಮಾತು ಮರೀಬ್ಯಾಡ್ರಿ ಮತ್ತ" ಅಂದ.