ತಿಂಗಳ ಮಾತು: ಬೇಸಗೆಯ ಬಿಡುವೂ ಮಕ್ಕಳ ಬುದ್ಧಿಯೂ

ಪರೀಕ್ಷೆಗಳು ಮುಗಿದು ಶಾಲೆಗಳ ಬಾಗಿಲು ಮುಚ್ಚಿತೆಂದರೆ, ಮನೆಮನೆಯಲ್ಲಿಯೂ ತಾಯ್ತಂದೆಗಳನ್ನು ಕಾಡತಕ್ಕ ಪ್ರಶ್ನೆಯು ಒಂದೇ: ಇನ್ನೆರಡು ತಿಂಗಳು ಈ ಮಕ್ಕಳನ್ನು ಏನು ಮಾಡುವುದು? ಹಿಂದೆ ಅಜ್ಜಿಯ ಮನೆ, ಮಾವಿನ ತೋಪು, ಹೊಳೆಯ ಈಜು, ಇವೇ ಆ ಪ್ರಶ್ನೆಗೆ ಉತ್ತರವಾಗಿದ್ದುವು. ಆ ಉತ್ತರವು ಹೀನವಾದುದೆಂದು ನಾವು ಎಂದಿಗೂ ಹೇಳೆವು. ಆದರೆ ಈಚೆಗೆ ಹದಿನೈದು ಹದಿನಾರರ ಮಕ್ಕಳ ಪಾಲಿಗೆ ಬೇಸಗೆಯು ಬೇಸಗೆಯಾಗಿ ಉಳಿದಿಲ್ಲ. ಪ್ರವೇಶ ಪರೀಕ್ಷೆಯೊಂದನ್ನು ಮುಂದಿಟ್ಟುಕೊಂಡು, ಮುಂದಿನ ವರ್ಷದ ಪಾಠವನ್ನು ಈ ವರ್ಷವೇ ನುಂಗಿಸುವ ತರಬೇತಿಗಳು ಊರೂರಿನಲ್ಲಿಯೂ ಎದ್ದಿವೆ. ಮಗುವು ಬೆಳಗಿನಿಂದ ಸಂಜೆಯವರೆಗೆ ಸೂತ್ರಗಳನ್ನು ಉರುಹಚ್ಚಿ, ಬಳಲಿ ಮನೆಗೆ ಬರುತ್ತದೆ. ಓದು ಹೆಚ್ಚಿತು, ನಿಜ. ಓದಿನ ಮೇಲಣ ಪ್ರೀತಿಯು ಹೆಚ್ಚಿತೇ ಎಂದು ಕೇಳುವವರು ಯಾರು?

ಆಟವೊಂದೇ ಅಥವಾ ಉರುಹೊಡೆಯುವುದೊಂದೇ ಎಂಬ ಈ ಎರಡು ದಾರಿಗಳಲ್ಲದೆ ಮೂರನೆಯದೊಂದು ಉಂಟು. ಹರೆಯದ ಹುಡುಗ ಹುಡುಗಿಯರು ಕೆಲವು ವಾರಗಳ ಕಾಲ ವಿಶ್ವವಿದ್ಯಾನಿಲಯದ ಆವರಣದಲ್ಲಿಯೇ ವಾಸಮಾಡಿ, ವಿದ್ವಾಂಸರ ಸಹವಾಸದಲ್ಲಿ ಒಂದೇ ವಿಷಯವನ್ನು ಸಾವಕಾಶವಾಗಿ ಚಿಂತಿಸುವುದೇ ಆ ದಾರಿ. ಇದಕ್ಕೆ ಮೇಲ್ಪಂಕ್ತಿಯಾದ ಒಂದು ಪ್ರಯತ್ನವನ್ನು ಈ ತಿಂಗಳು ನಮ್ಮ ವಾಚಕರಿಗೆ ಪರಿಚಯ ಮಾಡಿಕೊಡಬೇಕೆಂದಿದ್ದೇವೆ.

ಅಮೆರಿಕದ ಗಣಿತಜ್ಞರಾದ ಆರ್ನಾಲ್ಡ್ ರಾಸ್ ಎಂಬವರು ೧೯೦೬ರಲ್ಲಿ ಶಿಕಾಗೋ ನಗರದಲ್ಲಿ ಜನಿಸಿ, ಬಾಲ್ಯವನ್ನು ಒಡೆಸ್ಸಾದಲ್ಲಿ ಕಳೆದು, ಯೌವನದಲ್ಲಿ ಮರಳಿ ಶಿಕಾಗೋವಿಗೆ ಬಂದು ಅಲ್ಲಿಯೇ ಪದವಿಯನ್ನು ಪಡೆದವರು. ನಾಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಅವರು ಉಪಾಧ್ಯಾಯರಿಗಾಗಿ ೧೯೪೭ರಲ್ಲಿ ಒಂದು ತರಗತಿಯನ್ನು ತೆರೆದರು. ೧೯೫೭ರ ಬೇಸಗೆಯಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನೂ ಅದಕ್ಕೆ ಸೇರಿಸಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ರಷ್ಯದವರ ಸ್ಪುಟ್ನಿಕ್ ಆಕಾಶಕ್ಕೇರಿತು. ಆ ಬಳಿಕ ವಿಜ್ಞಾನ ಗಣಿತಗಳ ಶಿಕ್ಷಣದಲ್ಲಿ ಆ ದೇಶದವರಿಗೆ ಹೊಸ ಆಸ್ಥೆಯು ಹುಟ್ಟಿದ್ದು ಲೋಕವಿದಿತ. ೧೯೬೪ರಲ್ಲಿ ರಾಸ್ ಅವರ ಈ ಶಿಬಿರವು ಒಹಾಯೋ ಸಂಸ್ಥಾನದ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗಿ, ಅಲ್ಲಿ ಬಹುಕಾಲ ನಡೆಯಿತು. ತೊಂಬತ್ತು ದಾಟಿದ ಮೇಲೆಯೂ ಆ ವೃದ್ಧರು ಪಾಠ ಹೇಳುವುದನ್ನು ಬಿಡಲಿಲ್ಲ. ೨೦೦೨ರಲ್ಲಿ ಅವರು ತೀರಿಕೊಂಡರೂ, ಅವರ ಹೆಸರಿನ ಶಿಬಿರವು ನಿಲ್ಲಲಿಲ್ಲ. ಸರಳವಾದ ವಿಷಯಗಳನ್ನು ಆಳವಾಗಿ ಚಿಂತಿಸಿರಿ ಎಂಬುದೇ ಅದರ ಮುದ್ರಾವಾಕ್ಯ.

ಅಲ್ಲಿಯ ಕ್ರಮವನ್ನು ನೋಡಿದರೆ ನಮ್ಮ ತರಬೇತಿಗಳಿಗೂ ಅದಕ್ಕೂ ಇರುವ ಅಂತರವು ತಾನಾಗಿಯೇ ತಿಳಿಯುತ್ತದೆ. ಸೇರಬಯಸುವವರಿಗೆ ಗಡಿಯಾರವನ್ನು ಮುಂದಿಟ್ಟು ಪರೀಕ್ಷೆ ನಡೆಸುವುದಿಲ್ಲ. ಕೆಲವು ಸಮಸ್ಯೆಗಳನ್ನು ಕೊಟ್ಟು, ಮನೆಯಲ್ಲಿಯೇ ಕುಳಿತು ದಿನಗಟ್ಟಲೆ ಯೋಚಿಸಿ ಬರೆಯಲು ಬಿಡುತ್ತಾರೆ. ಅಲ್ಲಿ ನೋಡುವುದು ವೇಗವನ್ನಲ್ಲ, ಹಟವನ್ನು. ಶಿಬಿರದಲ್ಲಿ ಪ್ರತಿದಿನವೂ ಸಂಖ್ಯಾಸಿದ್ಧಾಂತದ ಒಂದು ಉಪನ್ಯಾಸ. ಅದರೊಡನೆ ಒಂದು ಹಾಳೆ ಸಮಸ್ಯೆಗಳು. ಉಪನ್ಯಾಸಕ್ಕಿಂತ ಮುಂಚೆಯೇ ಆ ಸಮಸ್ಯೆಗಳ ಮೂಲಕ ಸತ್ಯವು ಮಕ್ಕಳಿಗೆ ಗೋಚರಿಸಬೇಕೆಂಬುದು ಅದರ ಹೂಟ. ಹಿಂದಿನ ವರ್ಷಗಳಲ್ಲಿ ಅಲ್ಲಿಯೇ ಕಲಿತು ಹೋದವರು ಅಣ್ಣ ಅಕ್ಕಂದಿರಂತೆ ಜೊತೆಯಲ್ಲಿದ್ದು, ಬರೆದುದನ್ನು ತಿದ್ದುತ್ತಾರೆ. ಉತ್ತರವನ್ನು ಮಾತ್ರ ಹೇಳಿಕೊಡುವುದಿಲ್ಲ.

ಇದೆಲ್ಲ ನಮ್ಮ ನಿಲುಕಿಗೆ ಮೀರಿದ್ದೆಂದು ಸೋದರಿಯರು ಹಿಂಜರಿಯಬೇಕಾಗಿಲ್ಲ. ಅವರು ವಿಚಾರಿಸುವ ಲೆಕ್ಕವು ನಮ್ಮ ಗೋಡೆಯ ಪಂಚಾಂಗದಲ್ಲಿಯೇ ಇದೆ. ಇಂದು ಸೋಮವಾರವಾದರೆ ನೂರು ದಿನಗಳ ತರುವಾಯ ಯಾವ ವಾರ? ನೂರನ್ನು ಏಳರಿಂದ ಭಾಗಿಸಿದರೆ ಶೇಷ ೨, ಆದುದರಿಂದ ಬುಧವಾರ. ಇಲ್ಲಿ ಶೇಷಕ್ಕೆ ಮಾತ್ರ ಬೆಲೆ. ಈ ಏಳರ ಲೆಕ್ಕದಲ್ಲಿ ೧ರಿಂದ ೬ರವರೆಗಿನ ಪ್ರತಿಯೊಂದು ಅಂಕಕ್ಕೂ, ಗುಣಿಸಿದರೆ ೧ನ್ನೇ ಶೇಷವಾಗಿ ಕೊಡುವ ಜೊತೆಗಾರನೊಬ್ಬನು ಇದ್ದಾನೆ: ೨ಕ್ಕೆ ೪, ೩ಕ್ಕೆ ೫, ೬ಕ್ಕೆ ೬. ಇನ್ನು ವಾರವನ್ನು ಬಿಟ್ಟು ಹನ್ನೆರಡು ತಿಂಗಳಿನ ಲೆಕ್ಕಕ್ಕೆ ಬನ್ನಿ. ಅಲ್ಲಿ ೫, ೭, ೧೧ ಇವಕ್ಕೆ ಜೊತೆಯುಂಟು. ೨, ೩, ೪, ೬ ಇವಕ್ಕೆ ಎಷ್ಟು ಹುಡುಕಿದರೂ ಇಲ್ಲ. ಏಕೆ? ಈ ಒಂದು 'ಏಕೆ'ಯೇ ಹುಡುಗನೊಬ್ಬನನ್ನು ಒಂದು ಇಡೀ ದಿನ ಹಿಡಿದಿಡಬಲ್ಲುದು. ಕಾರಣವನ್ನು ನಾವು ಬೇಕೆಂದೇ ಇಲ್ಲಿ ಹೇಳುವುದಿಲ್ಲ; ಊಟವಾದ ಮೇಲೆ ಮನೆಯ ಮಕ್ಕಳ ಮುಂದೆ ಇಟ್ಟು ನೋಡಿರಿ.

ಇಂಥ ಬೀಜವು ಒಂದೇ ಹೊಲದಲ್ಲಿ ಉಳಿಯುವುದಿಲ್ಲ. ರಾಸ್ ಅವರ ಗರಡಿಯಲ್ಲಿ ಪಳಗಿದವರು ೧೯೮೯ರಲ್ಲಿ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ 'ಪ್ರಾಮಿಸ್' ಎಂಬ ಶಿಬಿರವನ್ನು ಹೂಡಿದರು. ೨೦೧೫ರಲ್ಲಿ ಅದರ ಕೊಂಬೆಯೊಂದು ಆಕ್ಸ್‌ಫರ್ಡಿನಲ್ಲಿ ಚಿಗುರಿತು. ೨೦೨೩ರಲ್ಲಿ ನಮ್ಮ ಬೆಂಗಳೂರಿಗೇ ಬಂದು, ಹಿರಿಯರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳ ನೆರಳಿನಲ್ಲಿ ನಡೆಯಿತು. ಅದೇ ಸಂಸ್ಥೆಯ ಆಡಳಿತದಲ್ಲಿ ೧೯೯೯ರಿಂದ ನಡೆದುಬಂದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು ೨೦೨೨ರಲ್ಲಿ ನಿಂತುಹೋದುದನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ.

ಆಕ್ಷೇಪಣೆಗಳೂ ಇಲ್ಲದಿಲ್ಲ. ವಸತಿಯ ಶಿಬಿರವೆಂದರೆ ವೆಚ್ಚವು ಸ್ವಲ್ಪವಲ್ಲ. ಒಳ್ಳೆಯ ಶಿಬಿರಗಳು ಬಡ ವಿದ್ಯಾರ್ಥಿಗಳಿಗೆ ನೆರವು ನೀಡುತ್ತವೆಂಬುದು ನಿಜವಾದರೂ, ಆ ಸುದ್ದಿಯು ನಗರದ ಮನೆಗಳನ್ನು ಮುಟ್ಟುವಷ್ಟು ಬೇಗ ಹಳ್ಳಿಯ ಶಾಲೆಯನ್ನು ಮುಟ್ಟುವುದಿಲ್ಲ. ಬುದ್ಧಿಯಿದ್ದೂ ಸುದ್ದಿಯಿಲ್ಲದೆ ಹಿಂದುಳಿಯುವ ಮಗುವೊಂದು ನಮ್ಮ ಬೀದಿಯಲ್ಲಿಯೇ ಇರಬಹುದು. ಎರಡನೆಯ ಮಾತು ಹೆಣ್ಣುಮಕ್ಕಳದು. ಮಗನನ್ನು ಆರು ವಾರ ಕಳುಹಿಸಲು ಒಪ್ಪುವ ಮನೆಯೇ ಮಗಳ ವಿಷಯ ಬಂದಾಗ ನೂರು ನೆಪಗಳನ್ನು ಹುಡುಕುತ್ತದೆ. ವಸತಿ, ಮೇಲ್ವಿಚಾರಣೆ, ಆರೋಗ್ಯ ಇವುಗಳ ವಿಷಯವಾಗಿ ನಿಷ್ಠುರವಾಗಿಯೇ ವಿಚಾರಿಸಿರಿ. ಸಮಾಧಾನವಾದ ಮೇಲೂ ಬೇಡವೆನ್ನುವುದಾದರೆ, ಅದು ಎಚ್ಚರವಲ್ಲ, ಅನ್ಯಾಯ.

ಮೂರನೆಯದಾಗಿ, ವಿಶ್ವವಿದ್ಯಾನಿಲಯದ ಕಟ್ಟಡದೊಳಗೆ ನಡೆದ ಮಾತ್ರಕ್ಕೆ ಎಲ್ಲವೂ ವಿದ್ಯೆಯಾಗಲಾರದು. ಕೊಠಡಿಗಳನ್ನು ಬಾಡಿಗೆಗೆ ಹಿಡಿದು, ದೊಡ್ಡ ಹೆಸರಿನ ನೆರಳಿನಲ್ಲಿ ಸಣ್ಣ ವ್ಯಾಪಾರ ಮಾಡುವವರೂ ಉಂಟು. ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಪಾಠ ಹೇಳುವವರು ಯಾರು? ಮಕ್ಕಳನ್ನು ಆರಿಸಿಕೊಳ್ಳುವುದು ಯೋಗ್ಯತೆಯಿಂದಲೋ, ಶುಲ್ಕದಿಂದಲೋ? ಮಗುವು ತಾನೇ ಯೋಚಿಸಲು ದಿನದಲ್ಲಿ ಎಷ್ಟು ಹೊತ್ತು ದೊರೆಯುತ್ತದೆ? ಕೊನೆಯಲ್ಲಿ ಕೈಗೆ ಬರುವುದು ಪ್ರಶಸ್ತಿಪತ್ರವೊಂದೆಯೇ?

ಎಲ್ಲ ಮಕ್ಕಳೂ ಇಂಥಲ್ಲಿಗೆ ಹೋಗಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಇಷ್ಟವಿಲ್ಲದವನನ್ನು ದಬ್ಬಿದರೆ ಅದೂ ಮತ್ತೊಂದು ತರಬೇತಿಯೇ ಆದೀತು. ಆದರೆ ಯಾವುದೋ ಒಂದು ಪ್ರಶ್ನೆಯನ್ನು ಹಿಡಿದು, ಊಟದ ಕರೆಯನ್ನೂ ಮರೆತು ಕುಳಿತಿರುವ ಮಗುವು ನಿಮ್ಮ ಮನೆಯಲ್ಲಿದ್ದರೆ, ಅದನ್ನು ಗದರಿಸಿ ಎಬ್ಬಿಸಬೇಡಿರಿ. ಅದರಂತೆಯೇ ಕುಳಿತಿರುವ ಬೇರೆ ಮಕ್ಕಳು ಲೋಕದಲ್ಲಿದ್ದಾರೆ. ಅವರೊಡನೆ ಒಂದು ಬೇಸಗೆಯನ್ನು ಕಳೆಯುವ ಭಾಗ್ಯವು ಅದಕ್ಕೂ ಲಭಿಸಲಿ.