ಸಿಕ್ಕಿಕೊಂಡ ಮುಳ್ಳು

ಸಹೋದರಿಯರೇ, ಮನೆಯ ಹಿರಿಯರು ಒಂದೇ ಮಾತನ್ನು ಹತ್ತು ಸಲ ಹೇಳಿದರೆ ನೀವೇನು ಮಾಡುತ್ತೀರಿ?

ಚಳ್ಳಕೆರೆಯ ನಮ್ಮ ಮನೆಯಲ್ಲಿ ಮರ್ಹೂಮ್ ಅಬ್ಬಾರ ಗ್ರಾಮಫೋನ್ ತಟ್ಟೆಗಳಿವೆ. ಖವ್ವಾಲಿ, ಶಹನಾಯಿ, ಹಳೆಯ ಚಿತ್ರಗೀತೆ. ಬೇಸಿಗೆ ರಜೆಯಲ್ಲಿ ಒಂದೊಂದನ್ನೇ ಒರೆಸಿ ಕೇಳತೊಡಗಿದೆ. ಎಲ್‌ಪಿ ತಟ್ಟೆಯ ಒಂದು ಬದಿ ಸುಮಾರು 20 ನಿಮಿಷ. ಗೀರು ಬಿದ್ದಲ್ಲಿ ಮುಳ್ಳು ಸಿಕ್ಕಿಕೊಂಡು ಅದೇ ಪದವನ್ನು ಮತ್ತೆ ಮತ್ತೆ ಹೇಳುತ್ತದೆ. ನಾನು ಬೇಸರಪಡದೆ ಮೆಲ್ಲಗೆ ಎತ್ತಿ ಮುಂದಕ್ಕಿಡುತ್ತೇನೆ.

ಒಮ್ಮೆ ಹಾಗೆ ಇಡುವಾಗ ಮೊಳಕಾಲ್ಮೂರಿನ ಫೂಫಿ ನೆನಪಾದರು. ರೇಷ್ಮೆ ಮಗ್ಗದ ಮನೆಗಳಿಗೆ ಕಂಡಿಕೆ ಸುತ್ತಿಕೊಟ್ಟು ಮಕ್ಕಳನ್ನು ಓದಿಸಿದವರು. ಮೊದಲ ಕೂಲಿಯಲ್ಲಿ ಮಗನಿಗೆ ಸ್ಲೇಟು ಕೊಂಡ ಕತೆಯನ್ನು ಹೋದಾಗಲೆಲ್ಲ ಹೇಳುತ್ತಾರೆ. ಕಳೆದ ಈದ್‌ಗೆ ನಾನು, “ಎಷ್ಟು ಸಲ ಹೇಳ್ತೀರಿ ಫೂಫಿ?” ಎಂದುಬಿಟ್ಟಿದ್ದೆ. ಅವರು ಸುಮ್ಮನಾದರು. ಹಿರಿಯರಿಗೆ ‘ಛೆ’ ಎನ್ನಬಾರದೆಂದು ತರಗತಿಯಲ್ಲಿ ಪಾಠ ಮಾಡುವವನು ನಾನೇ!

ಗೌಹರ್ ಜಾನ್ 1902ರಲ್ಲಿ ಕೋಲ್ಕತ್ತದಲ್ಲಿ ಹಾಡಿದಾಗ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಮೂರೇ ನಿಮಿಷ. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನೂ ಹೇಳುತ್ತಿದ್ದರು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಅವರ ಧ್ವನಿ ಇಂದಿಗೂ ಉಳಿದಿದೆ. ಫೂಫಿಯ ಧ್ವನಿಯನ್ನು ಯಾವ ತಟ್ಟೆ ಹಿಡಿದಿಟ್ಟಿದೆ?

ಮರುದಿನವೇ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. “ಫೂಫಿ, ಆ ಸ್ಲೇಟಿನ ಕತೆ ಹೇಳಿ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಶುರು ಮಾಡಿದರು. ಈ ಸಲ ನಡುವೆ ಬಾಯಿ ಹಾಕಲಿಲ್ಲ. ಸ್ಲೇಟಿಗೆ ನಾಲ್ಕಾಣೆ ಕಡಿಮೆ ಬಿದ್ದಿತ್ತಂತೆ. ಅದನ್ನು ಕೊಟ್ಟವರು ನನ್ನ ಅಬ್ಬಾ. ಇಷ್ಟು ವರ್ಷ ಆ ಮಾತು ಬರುವ ಮೊದಲೇ ನಾನು ಎದ್ದುಹೋಗುತ್ತಿದ್ದೆ.

ಇಂದು ಸಂಜೆ ನಿಮ್ಮ ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಒಂದು ಬದಿ ಮುಗಿಯುವ ತನಕ ಕೇಳಿ.