ಸೋತ ತಂಡಕ್ಕೆ ಮುಂದಿನ ಶನಿವಾರ ಎಲ್ಲಿದೆ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಬಾಸ್ಕೆಟ್‌ಬಾಲ್ ಆಡುವ ಹೈಸ್ಕೂಲ್ ಮಕ್ಕಳ ಹಂಗಾಮು ಎಷ್ಟು ದೊಡ್ಡದು? ಬಹುಪಾಲು ಮಕ್ಕಳಿಗೆ ಒಂದು ಪಂದ್ಯದಷ್ಟು. ಬೆಳಿಗ್ಗೆ ಚೀಟಿ ಎತ್ತುತ್ತಾರೆ, ಹನ್ನೊಂದಕ್ಕೆ ಅಂಕಣಕ್ಕಿಳಿಯುತ್ತಾರೆ, ಹನ್ನೆರಡಕ್ಕೆ ಸೋತಿರುತ್ತಾರೆ. ಮಧ್ಯಾಹ್ನದ ಊಟ ಮುಗಿಸಿ ಬಸ್ಸು ಹತ್ತಿದರೆ ಆ ವರ್ಷದ ಆಟ ಮುಗಿಯಿತು. ಒಂಬತ್ತನೇ ತರಗತಿಯವರು ಮುಂದಿನ ಆಗಸ್ಟ್‌ಗೆ ಕಾಯಬಹುದು. ಹತ್ತನೆಯವರಿಗೆ ಹೈಸ್ಕೂಲಿನ ಅಂಗಿಯಲ್ಲಿ ಆಡಲು ಮುಂದಿನ ಆಗಸ್ಟ್ ಇಲ್ಲ.

ಇದನ್ನು ನಾವು ಕ್ರೀಡಾಕೂಟ ಎನ್ನುತ್ತೇವೆ. ಇದಕ್ಕೆ ಬಣ್ಣದ ಬಾವುಟ, ಜ್ಯೋತಿ, ಪಥಸಂಚಲನ, ಗಣ್ಯರ ಭಾಷಣ. ‘ಸೋಲು ಗೆಲುವಿಗಿಂತ ಭಾಗವಹಿಸುವುದು ಮುಖ್ಯ’ ಎಂಬ ಮಾತು ಪ್ರತಿ ವೇದಿಕೆಯಲ್ಲೂ ಕೇಳುತ್ತದೆ. ಆ ಮಾತನ್ನು ಹೇಳಿ ಮುಗಿಸಿದ ಅರ್ಧ ತಾಸಿಗೇ ಸೋತವರನ್ನು ಮೈದಾನದಿಂದ ಹೊರಗೆ ಕಳಿಸುವ ವ್ಯವಸ್ಥೆ ನಮ್ಮದು. ಅದರ ಹೆಸರು ನಾಕೌಟ್. ಈ ನಾಕೌಟೇ ಇಡೀ ವರ್ಷದ ಆಟ ಆಗಿರುವುದು ಹೋಗಬೇಕು, ಅದರ ಜೊತೆಗೆ ಲೀಗ್ ಬರಬೇಕು ಎಂಬುದು ಈ ಲೇಖನದ ಏಕೈಕ ವಾದ.

ಲೆಕ್ಕ ಸರಳ. ಎಂಟು ತಂಡಗಳ ನಾಕೌಟಿನಲ್ಲಿ ಒಟ್ಟು ಏಳು ಪಂದ್ಯ. ನಾಲ್ಕು ತಂಡಗಳು ಒಂದೊಂದೇ ಪಂದ್ಯ ಆಡಿ ಮನೆಗೆ ಹೋಗುತ್ತವೆ, ಎರಡು ತಂಡ ಎರಡಾಡುತ್ತವೆ, ಫೈನಲ್ ತಲುಪಿದ ಎರಡಕ್ಕೆ ಮಾತ್ರ ಮೂರು. ಅವೇ ಎಂಟು ತಂಡಗಳು ಲೀಗ್ ಆಡಿದರೆ ಒಟ್ಟು 28 ಪಂದ್ಯ, ಕೊನೆಯ ಸ್ಥಾನದ ತಂಡಕ್ಕೂ ಏಳು. ತಾಲ್ಲೂಕು ಗೆದ್ದವರು ಮೇಲೆ ಹೋದರೂ ಜರಡಿ ಅದೇ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜೊತೆಗೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಇವೆ. ಅದನ್ನು ದಾಟಿದರೆ ಒಂಬತ್ತು ಶೈಕ್ಷಣಿಕ ಜಿಲ್ಲೆಗಳ ಬೆಳಗಾವಿ ವಿಭಾಗ, ಆಮೇಲೆ ರಾಜ್ಯ, ಆಮೇಲೆ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟ. ಪ್ರತಿ ಮೆಟ್ಟಿಲಲ್ಲೂ ಉಳಿಯುವವರಿಗಿಂತ ಉದುರುವವರೇ ಹೆಚ್ಚು. ರಾಷ್ಟ್ರೀಯ ತಂಡಕ್ಕೆ ಹನ್ನೆರಡು ಮಕ್ಕಳನ್ನು ಹುಡುಕಲು ಈ ಜರಡಿ ಸಾಕಾಗಬಹುದು. ಇಡೀ ಜಿಲ್ಲೆಯ ಮಕ್ಕಳಿಗೆ ಆಟ ಕಲಿಸಲು ಇದರಿಂದ ಆಗದು.

ನಾಕೌಟಿನ ಪೆಟ್ಟು ಎಲ್ಲ ಆಟಗಳಿಗೂ ಒಂದೇ ಸಮ ಬೀಳುವುದಿಲ್ಲ. ಕಬಡ್ಡಿಯ ಹುಡುಗ ತಾಲ್ಲೂಕಿನಲ್ಲಿ ಸೋತರೂ ಊರಿನ ಬಯಲಿನಲ್ಲಿ ಸಂಜೆಗೆ ಆಡುತ್ತಾನೆ. ವಾಲಿಬಾಲಿಗೆ ಎರಡು ಕಂಬ, ಒಂದು ಬಲೆ ಸಾಕು, ಊರಿನ ಹಿರಿಯ ಹುಡುಗರೇ ಕಟ್ಟಿಕೊಂಡಿರುತ್ತಾರೆ. ಬಾಸ್ಕೆಟ್‌ಬಾಲಿಗೆ ಹಾಗಿಲ್ಲ. 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ನೆಲದಿಂದ 3.05 ಮೀಟರ್ ಎತ್ತರದಲ್ಲಿ ರಿಂಗ್ ಬೇಕು, ಪುಟಿಯುವ ಚೆಂಡು ಬೇಕು. ನಮ್ಮ ಹಳ್ಳಿಗಳ ಓಣಿಯಲ್ಲಿ ಇವು ಸಿಗುವುದಿಲ್ಲ. ಹೀಗಾಗಿ ಶಾಲೆ ಏರ್ಪಡಿಸಿದ ಪಂದ್ಯವನ್ನು ಬಿಟ್ಟರೆ ಈ ಮಕ್ಕಳಿಗೆ ಬೇರೆ ಪಂದ್ಯವೇ ಇಲ್ಲ. ಇನ್ನೊಂದು ಸಂಗತಿ ಪಿ.ಟಿ. ಮಾಸ್ತರರಿಗೆಲ್ಲ ಗೊತ್ತು. ತಂಡದಲ್ಲಿ ಹನ್ನೆರಡು ಮಂದಿ, ಅಂಕಣದಲ್ಲಿ ಐವರು. ಸೋತರೆ ಮನೆಗೆ ಎಂದಾಗ ಯಾವ ತರಬೇತುದಾರನೂ ತನ್ನ ಒಳ್ಳೆಯ ಐವರನ್ನು ಹೊರಗೆ ಕರೆಯುವುದಿಲ್ಲ. ಉಳಿದ ಏಳು ಮಕ್ಕಳು ಬೆಂಚಿನ ಮೇಲೆ ಕೂತು, ಚಪ್ಪಾಳೆ ತಟ್ಟಿ, ನೀರಿನ ಬಾಟಲಿ ಕೊಟ್ಟು ವಾಪಸಾಗುತ್ತಾರೆ. ‘ಭಾಗವಹಿಸಿದವರು’ ಎಂಬ ಪಟ್ಟಿಯಲ್ಲಿ ಅವರ ಹೆಸರೂ ಇರುತ್ತದೆ.

ಪ್ರತಿ ವರ್ಷ ಕ್ರೀಡಾಕೂಟ ಮುಗಿದ ಮೇಲೆ ಜಗಳ ನಡೆಯುತ್ತದೆ, ಆದರೆ ಬೇರೆ ವಿಷಯಕ್ಕೆ. ಸರ್ಕಾರಿ ಶಾಲೆಯವರ ದೂರು ಹೀಗಿರುತ್ತದೆ: ‘ಕಾಂಕ್ರೀಟ್ ಅಂಕಣ, ಸಂಬಳದ ಕೋಚ್, ಬೂಟು ಎಲ್ಲ ಇರುವ ಖಾಸಗಿ ಶಾಲೆಯ ಎದುರು ಬರಿಗಾಲಿನ ನಮ್ಮ ಮಕ್ಕಳನ್ನು ನಿಲ್ಲಿಸುತ್ತೀರಿ. ನಮಗೆ ಪ್ರತ್ಯೇಕ ಕೂಟ ಮಾಡಿ.’ ಈ ದೂರಿನ ಹಿಂದಿನ ನೋವು ನಿಜ, ಪರಿಹಾರ ಮಾತ್ರ ತಪ್ಪು. ಬಡ ಮಕ್ಕಳನ್ನು ಬೇರೆ ಅಂಕಣಕ್ಕೆ ಕಳಿಸಿದರೆ ಅವರಿಗೆ ಸಿಗುವುದು ಇನ್ನೂ ಕೆಟ್ಟ ಅಂಕಣ. ಸರ್ಕಾರಿ ಶಾಲೆಗಳ ನಾಕೌಟಿನಲ್ಲೂ ಅರ್ಧ ತಂಡಗಳು ಮೊದಲ ಪಂದ್ಯಕ್ಕೇ ಹೊರಬೀಳುತ್ತವೆ. ಯಾರ ಎದುರು ಆಡುತ್ತಾರೆ ಎಂಬುದಕ್ಕಿಂತ ಎಷ್ಟು ಸಲ ಆಡುತ್ತಾರೆ ಎಂಬುದು ಮಕ್ಕಳನ್ನು ಬೆಳೆಸುತ್ತದೆ. ಬಲಿಷ್ಠ ತಂಡದ ಎದುರು ಮೊದಲ ವಾರ ಮೂವತ್ತು ಅಂಕಗಳಿಂದ ಸೋತವರು ಐದನೇ ವಾರ ಇನ್ನೊಂದು ತಂಡವನ್ನು ಎರಡು ಅಂಕಗಳಿಂದ ಸೋಲಿಸಬಹುದು. ನಾಕೌಟಿನಲ್ಲಿ ಆ ಐದನೇ ವಾರವೇ ಹುಟ್ಟುವುದಿಲ್ಲ.

ಎರಡನೇ ಜಗಳ ವಯಸ್ಸಿನದು. ಹದಿನಾಲ್ಕರ ಒಳಗಿನವರದು ಪ್ರಾಥಮಿಕ ವಿಭಾಗ, ಹದಿನೇಳರದು ಪ್ರೌಢಶಾಲೆ, ಹತ್ತೊಂಬತ್ತರದು ಪಿಯು. ಮೀಸೆ ಬಂದ ಹದಿನಾಲ್ಕರ ಹುಡುಗರು ಅಂಕಣಕ್ಕೆ ಬಂದರು, ದಾಖಲೆ ತಿದ್ದಿದರು, ಬೇರೆ ಶಾಲೆಯ ಆಟಗಾರನನ್ನು ರಾತ್ರೋರಾತ್ರಿ ಸೇರಿಸಿಕೊಂಡರು ಎಂಬ ಗಲಾಟೆ ಇಲ್ಲದ ಕೂಟ ಅಪರೂಪ. ತಪ್ಪು ಮಾಡಿದವರಿಗೆ ಶಿಕ್ಷೆ ಆಗಲಿ. ಆದರೆ ಈ ಚಾಳಿಗೆ ಗೊಬ್ಬರ ಹಾಕಿದ್ದು ಯಾವುದು ಎಂದೂ ಕೇಳಬೇಕು. ವರ್ಷದ ಮಾನವೆಲ್ಲ ಒಂದು ಬೆಳಗಿನ ಆಟದ ಮೇಲೆ ನಿಂತಾಗ, ಒಬ್ಬ ಹೊರಗಿನ ಹುಡುಗನನ್ನು ತಂದು ಆ ಬೆಳಗನ್ನು ಗೆಲ್ಲುವುದು ಅಗ್ಗದ ದಾರಿ. ಏಳು ಶನಿವಾರ ಏಳು ಊರಿನ ಎದುರು ಅದೇ ಹುಡುಗನನ್ನು ನಿಲ್ಲಿಸುವುದು ಕಷ್ಟ. ಅವನ ತರಗತಿ ಯಾವುದು, ಮಾಸ್ತರ್ ಯಾರು ಎಂದು ಮೂರನೇ ವಾರಕ್ಕೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಮೂರನೆಯದು ಒಳಾಂಗಣ ಕ್ರೀಡಾಂಗಣದ ಬೇಡಿಕೆ. ಕಟ್ಟಡ ಎಂದರೆ ಟೆಂಡರು, ಶಂಕುಸ್ಥಾಪನೆ, ಫಲಕದ ಮೇಲೆ ಹೆಸರು, ಹಾಗಾಗಿ ರಾಜಕಾರಣಿಗಳಿಗೂ ಇದು ಇಷ್ಟ. ಬೇಡ ಎನ್ನುವುದಿಲ್ಲ. ಆದರೆ ಇರುವ ಅಂಕಣ ವರ್ಷದ ಬಹುಪಾಲು ಶನಿವಾರಗಳಲ್ಲಿ ಖಾಲಿ ಬಿದ್ದಿರುವಾಗ ಹೊಸದಕ್ಕೆ ಕೂಗುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಮೊದಲು ಪಂದ್ಯಗಳ ಪಟ್ಟಿ ಬರಲಿ.

ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ಚಳಿಗಾಲದ ತಿಂಗಳುಗಳನ್ನು ತುಂಬಲು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ದೈಹಿಕ ಶಿಕ್ಷಣದ ಮೇಷ್ಟ್ರು, ಚಳಿಗೆ ಒಳಗೆ ಕೂತು ಬೇಸತ್ತ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಬುಟ್ಟಿ ಕಟ್ಟಿ, ಹದಿಮೂರು ನಿಯಮ ಬರೆದು ಇದನ್ನು ಶುರುಮಾಡಿದರು. ಇಂದಿಗೂ ಅಲ್ಲಿನ ಹೈಸ್ಕೂಲ್ ತಂಡಗಳು ನವೆಂಬರಿನಿಂದ ಫೆಬ್ರುವರಿ-ಮಾರ್ಚ್‌ವರೆಗೆ ಇಪ್ಪತ್ತರ ಆಸುಪಾಸು ಪಂದ್ಯ ಆಡುತ್ತವೆ, ನಾಕೌಟ್ ಬರುವುದು ಕೊನೆಗೆ. ನಾವು ಆಟವನ್ನು ತಂದುಕೊಂಡೆವು, ಹಂಗಾಮನ್ನು ಅಲ್ಲಿಯೇ ಬಿಟ್ಟುಬಂದೆವು.

‘ಅದು ಅಮೆರಿಕ, ಇದು ಗೋಕಾಕ’ ಎನ್ನುವವರಿಗೆ ನಮ್ಮ ಜಾತ್ರೆಗಳನ್ನು ತೋರಿಸುತ್ತೇನೆ. ಈ ಸೀಮೆಯ ಪೈಲ್ವಾನನಿಗೆ ನಾಕೌಟ್ ಗೊತ್ತಿಲ್ಲ. ಒಂದೂರಿನ ಜಾತ್ರೆಯ ಕಣದಲ್ಲಿ ಚಿತ್ ಆದವನು ಮುಂದಿನೂರಿನ ಜಾತ್ರೆಯಲ್ಲಿ ಮತ್ತೆ ಮಣ್ಣು ಹಚ್ಚಿಕೊಂಡು ಇಳಿಯುತ್ತಾನೆ. ಯಾವ ಊರಿನ ಕುಸ್ತಿ ಯಾವ ತಿಥಿಗೆ ಎಂಬುದು ತಾಲೀಮಿನ ಹುಡುಗರಿಗೆ ಬಾಯಿಪಾಠ. ಸೋಲನ್ನು ಅರಗಿಸಿಕೊಂಡು ವಾರದೊಳಗೆ ಮತ್ತೆ ಕಣಕ್ಕಿಳಿಯುವ ಈ ಏರ್ಪಾಡು ನೂರಾರು ವರ್ಷಗಳಿಂದ ಇಲ್ಲಿದೆ. ವ್ಯಾಯಾಮವನ್ನು ದೇಶದ ಕೆಲಸ ಎಂದು ಬಗೆದು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರರು ಕರ್ಮಭೂಮಿಯಾಗಿ ಆರಿಸಿಕೊಂಡದ್ದು ಇದೇ ಸೀಮೆಯ ಘಟಪ್ರಭಾ ಊರನ್ನು. ಅವರ ಶಿಸ್ತಿನಲ್ಲಿ ನಿತ್ಯದ ತಾಲೀಮಿತ್ತು. ಶಿಕ್ಷಣ ಇಲಾಖೆಗೆ ಮಾದರಿ ಬೇಕಿದ್ದರೆ ದೂರ ಹೋಗಬೇಕಿಲ್ಲ.

ಏನು ಮಾಡಬೇಕು? ಆಯ್ಕೆಯ ಕೂಟ ಈಗಿನಂತೆಯೇ ಮಳೆಗಾಲದಲ್ಲಿ ನಡೆಯಲಿ, ರಾಷ್ಟ್ರೀಯ ಕೂಟದ ದಿನಾಂಕಕ್ಕೆ ಅದು ಬೇಕು. ಆದರೆ ಅದನ್ನೇ ಇಡೀ ವರ್ಷದ ಆಟ ಎಂದು ಮುಗಿಸಬಾರದು. ಆಗಸ್ಟ್ ನಮ್ಮಲ್ಲಿ ಎಂಥ ತಿಂಗಳು ಎಂಬುದನ್ನು 2019 ತೋರಿಸಿತು: ಘಟಪ್ರಭಾ ನದಿ ಗೋಕಾಕದ ಓಣಿಗಳಿಗೆ ನುಗ್ಗಿದಾಗ ಎಷ್ಟೋ ಶಾಲೆಗಳು ಕಾಳಜಿ ಕೇಂದ್ರಗಳಾದವು. ದಸರೆ ರಜೆ ಮುಗಿದ ಮೇಲೆ, ನವೆಂಬರಿನಿಂದ ಜನವರಿಯವರೆಗೆ, ಶನಿವಾರದ ಬೆಳಗಿನ ಶಾಲೆ ಬಿಟ್ಟ ನಂತರ ಲೀಗ್ ಆಡಿಸಿ. ಅಂಕಣ ಒಂದೇ ಇದೆಯೇ? ನಾಲ್ಕು ತಂಡಗಳ ಗುಂಪು ಮಾಡಿ. ಆರು ಪಂದ್ಯ, ದಿನಕ್ಕೆ ಎರಡರಂತೆ ಮೂರು ಶನಿವಾರ, ಪ್ರತಿ ತಂಡಕ್ಕೂ ಮೂರು ಪಂದ್ಯ ಖಾತ್ರಿ. ಮುಂದಿನ ಮೂರು ಶನಿವಾರ ಹುಡುಗಿಯರಿಗೆ, ಅವರ ನಂತರ ಪಿಯುದವರಿಗೆ. ಕೊನೆಗೆ ಮೂರು ತಾಲ್ಲೂಕುಗಳ ಮೊದಲ ಎರಡೆರಡು ತಂಡ ಒಂದೆಡೆ ಸೇರಲಿ. ಹಂಗಾಮಿನ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬುವ ಮುನ್ನ, ಹೊತ್ತು ಮುಳುಗುವ ಮುನ್ನ ಮಕ್ಕಳು ಮನೆ ಸೇರುವಂತೆ ಸಮಯ ಇಡಿ. ಮಾರ್ಚ್‌ನ ಪರೀಕ್ಷೆಗೆ ಇದರಿಂದ ತೊಂದರೆ ಇಲ್ಲ.

ಅಂಕಣ ಯಾರದು? ಖಾಸಗಿ ಶಾಲೆಯದ್ದಾದರೆ ಅಲ್ಲಿಯೇ ಆಡಿಸಿ. ಸರ್ಕಾರದಿಂದ ಮಾನ್ಯತೆ ಪಡೆದ ಸಂಸ್ಥೆ ತಿಂಗಳಿಗೆ ಒಂದೆರಡು ಶನಿವಾರ ತನ್ನ ನೆಲವನ್ನು ನೆರೆಯ ಶಾಲೆಗೆ ತೆರೆಯುವುದು ದಾನವೇನಲ್ಲ, ಅದರ ಮಕ್ಕಳಿಗೂ ಎದುರಾಳಿ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಗ್ರಿ ಇರಬೇಕೆನ್ನುತ್ತದೆ. ನರೇಗಾ ಕಾಮಗಾರಿಗಳ ಪಟ್ಟಿಯಲ್ಲೂ ಆಟದ ಮೈದಾನಕ್ಕೆ ಜಾಗವಿತ್ತು. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ತೆಗೆದಿಡಿ ಎಂದಾಗ, ಗ್ರಾಮೀಣ ಮತ್ತು ಒಲಿಂಪಿಕ್ ಕ್ರೀಡೆಗಳ ತರಬೇತಿಯನ್ನು ಆ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಸಕ್ಕರೆ ಕಾರ್ಖಾನೆಗಳಿಂದ ಸುತ್ತುವರಿದ ಈ ಮೂರು ತಾಲ್ಲೂಕುಗಳಲ್ಲಿ ನಾಲ್ಕು ಚೆಂಡು, ಒಂದು ಜೊತೆ ರಿಂಗ್‌ಗೆ ದುಡ್ಡಿಲ್ಲ ಎಂದರೆ ನಂಬುವವರು ಯಾರು?

ಹೆಣ್ಣುಮಕ್ಕಳ ತಂಡಕ್ಕೆ ಓಡಾಟದ ಖರ್ಚು ಎಂಬ ನೆಪವಂತೂ 2023ರ ಜೂನ್ 11ಕ್ಕೇ ತೀರಿಹೋಯಿತು. ಅಂದಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಅವರಿಗೆ ಉಚಿತ. ಮೂಡಲಗಿಯ ಹನ್ನೆರಡು ಹುಡುಗಿಯರು ಗೋಕಾಕಕ್ಕೆ, ಸಂಕೇಶ್ವರದವರು ಹುಕ್ಕೇರಿಗೆ ಹೋಗಿಬರಲು ಇಲಾಖೆ ಒಂದು ಪೈಸೆ ಬಿಚ್ಚಬೇಕಿಲ್ಲ. ಜೊತೆಗೆ ಹೋಗಲು ಒಬ್ಬ ಶಿಕ್ಷಕಿ, ಬಟ್ಟೆ ಬದಲಿಸಲು ಒಂದು ಕೋಣೆ, ಶೌಚಾಲಯ: ಇಷ್ಟನ್ನು ಆತಿಥೇಯ ಶಾಲೆ ಕೊಟ್ಟರೆ ಮನೆಯವರ ಅಳುಕು ಅರ್ಧ ಇಳಿಯುತ್ತದೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಭಾರತದ ಮಹಿಳಾ ತಂಡ ಏಷ್ಯಾ ಕಪ್‌ನ ಬಿ ಡಿವಿಷನ್ ಗೆದ್ದಾಗ ಎಲ್ಲರೂ ಹೆಮ್ಮೆಪಟ್ಟೆವು. ಹುಕ್ಕೇರಿಯ ಹುಡುಗಿಗೆ ವರ್ಷಕ್ಕೊಂದೇ ಪಂದ್ಯ ಕೊಟ್ಟು ಆ ಹೆಮ್ಮೆಯಲ್ಲಿ ಪಾಲು ಕೇಳಲು ನಮಗೆ ಹಕ್ಕಿಲ್ಲ.

ಗಟ್ಟಿಯಾದ ಆಕ್ಷೇಪ ದೈಹಿಕ ಶಿಕ್ಷಣ ಶಿಕ್ಷಕರಿಂದ ಬರುತ್ತದೆ. ಅವರನ್ನು ಉಳಿದ ಶಿಕ್ಷಕರಿಗೆ ಸಮನಾಗಿ ಕಾಣಬೇಕೆಂಬ, ಪ್ರೊ. ಎಲ್.ಆರ್. ವೈದ್ಯನಾಥನ್ ಸಮಿತಿಯ ವರದಿಯನ್ನು ಜಾರಿಗೆ ತರಬೇಕೆಂಬ ಬೇಡಿಕೆ ವರ್ಷಗಳಿಂದ ಕೊಳೆಯುತ್ತಿದೆ. ಎಷ್ಟೋ ಶಾಲೆಗಳಲ್ಲಿ ಆ ಹುದ್ದೆಯೇ ಖಾಲಿ. ಇರುವವರು ಪ್ರಾರ್ಥನೆ, ಬಿಸಿಯೂಟ, ಚುನಾವಣೆ, ಗಣತಿ ಎಲ್ಲಕ್ಕೂ ಬೇಕು, ಕೂಟ ಬಂದರೆ ಚಂದಾ ಎತ್ತಲೂ ಅವರೇ. ಅವರ ತಲೆಯ ಮೇಲೆ ಇನ್ನೂ ಹತ್ತು ಶನಿವಾರ ಹೇರಿ ಕೈತೊಳೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹುದ್ದೆ ತುಂಬಿ, ಆಡಿಸಿದ ಶನಿವಾರಕ್ಕೆ ಬದಲಿ ರಜೆ ಕೊಡಿ, ಅಂಪೈರಿಂಗಿಗೆ ಪದವಿ ಕಾಲೇಜಿನ ಆಟಗಾರರನ್ನು ಗೌರವಧನ ಕೊಟ್ಟು ಕರೆಯಿರಿ. ಹಾಗೆಂದು ವರದಿ ಜಾರಿಯಾಗುವವರೆಗೆ ಮಕ್ಕಳು ಕಾಯಲಿ ಎನ್ನುವುದೂ ಸರಿಯಲ್ಲ. ವಾರವಾರದ ಪಂದ್ಯವಿದ್ದಲ್ಲಿ ಪಿ.ಟಿ. ಮಾಸ್ತರರ ಕೆಲಸ ಊರಿನ ಕಣ್ಣಿಗೆ ಬೀಳುತ್ತದೆ, ಅವರ ಬೇಡಿಕೆಗೆ ಪಾಲಕರ ದನಿಯೂ ಸೇರುತ್ತದೆ.

ಪದವಿ ಕಾಲೇಜುಗಳ ಕಥೆ ಇದಕ್ಕಿಂತ ಬೇರೆಯಿಲ್ಲ. 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜುಗಳು ವಿದ್ಯಾರ್ಥಿಗಳಿಂದ ಪ್ರತಿ ವರ್ಷ ಕ್ರೀಡಾ ಶುಲ್ಕ ಪಡೆಯುತ್ತವೆ. ಬದಲಿಗೆ ಅವರಿಗೆ ಸಿಗುವುದು ಅಂತರ ಕಾಲೇಜು ಕೂಟದ ಒಂದೆರಡು ದಿನ, ಆಮೇಲೆ ಸೆಮಿಸ್ಟರ್ ಪರೀಕ್ಷೆ. ಹೀಗೆ ಆರಿಸಿದ ತಂಡ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದಾಗ ಒಟ್ಟಿಗೆ ಆಡಿದ ಅನುಭವವೇ ಇರುವುದಿಲ್ಲ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ಬೆಂಗಳೂರಿಗೇ ಬಂತು, ಅಗ್ರಸ್ಥಾನ ಪಡೆದದ್ದು ಅಲ್ಲಿನ ಜೈನ್ ವಿಶ್ವವಿದ್ಯಾಲಯ. ಕ್ರೀಡೆಗೆ ದುಡ್ಡು ಸುರಿಯುವ ರಾಜಧಾನಿಯ ಖಾಸಗಿ ಸಂಸ್ಥೆಯ ಜೊತೆ ಗಡಿ ಜಿಲ್ಲೆಯ ಕಾಲೇಜು ಒಂದೇ ದಿನದ ತಯಾರಿಯಲ್ಲಿ ಸೆಣಸಲಾರದು. ಗೋಕಾಕ, ಘಟಪ್ರಭಾ, ಮೂಡಲಗಿ, ಸಂಕೇಶ್ವರ, ಹುಕ್ಕೇರಿಯ ಕಾಲೇಜುಗಳು ತಮ್ಮಲ್ಲೇ ಪ್ರತಿ ಸೆಮಿಸ್ಟರಿಗೆ ಒಂದು ಸುತ್ತಿನ ಲೀಗ್ ಆಡಲು ವಿಶ್ವವಿದ್ಯಾಲಯದ ಅಪ್ಪಣೆಗೆ ಕಾಯಬೇಕಿಲ್ಲ, ದೈಹಿಕ ಶಿಕ್ಷಣ ನಿರ್ದೇಶಕರು ಒಂದು ಮಧ್ಯಾಹ್ನ ಕೂತರೆ ಸಾಕು.

1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದ ಮೇಲೂ ಗೋಕಾಕ ಜಿಲ್ಲೆಯಾಗಲಿ, ಚಿಕ್ಕೋಡಿ ಜಿಲ್ಲೆಯಾಗಲಿ ಎಂಬ ಕೂಗು ಇಲ್ಲಿದೆ. ಅದು ಆದರೆ ಆಗಲಿ, ನಾಯಕರು ಬಡಿದಾಡಲಿ. ಲೀಗ್‌ಗೆ ಜಿಲ್ಲೆ ಬೇಡ, ಮೂವರು ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಇರುವ ಒಂದು ವೇಳಾಪಟ್ಟಿ ಸಾಕು. ಪಾಲಕರು, ಎಸ್‌ಡಿಎಂಸಿ ಸದಸ್ಯರು ಈ ವರ್ಷದ ಕೂಟದ ಲೆಕ್ಕ ಕೇಳುವಾಗ ಎಷ್ಟು ಕಪ್ ಬಂತು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಡಲಿ. ಕೊನೆಯ ಸ್ಥಾನದ ತಂಡದ ಹನ್ನೆರಡನೇ ಆಟಗಾರ್ತಿ ಎಷ್ಟು ನಿಮಿಷ ಅಂಕಣದಲ್ಲಿದ್ದಳು ಎಂದು ಕೇಳಲಿ. ಆ ಉತ್ತರ ಸೊನ್ನೆ ಆಗಿರುವಷ್ಟು ಕಾಲ ‘ಭಾಗವಹಿಸುವುದೇ ಮುಖ್ಯ’ ಎಂದು ವೇದಿಕೆಯಿಂದ ಹೇಳುವವರಿಗೆ ಯಾರೂ ಚಪ್ಪಾಳೆ ತಟ್ಟಬೇಕಿಲ್ಲ.